ಹೆಸರು ಬಿಡಿ, ವ್ಯಾಟ್ ಕೇಳಿ

ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲು ಕೈಯಲ್ಲಿ 60ರಿಂದ 80 ಸಾವಿರ ರೂಪಾಯಿ ಇದ್ದರೆ ಏನನ್ನು ನೋಡಬೇಕು, ಏನನ್ನು ಬಿಡಬೇಕು?

ಅಕ್ಕನ ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ವಾರ ಕಳೆಯುವುದರೊಳಗೆ ಫೋನ್ ಬಂತು: ‘ಮಾಮ, ಕೋಡಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪೇ ಬೇಕಂತೆ. ಅಮ್ಮನಿಗೆ ನೀವೇ ಹೇಳಬೇಕು.’ ಆಟದ ಚಿತ್ರಗಳನ್ನು ಪರದೆಗೆ ತರುವ ಆ ಕಾರ್ಡು ಮೊದಲ ವರ್ಷದ ಕೋಡಿಂಗ್‌ಗೆ ಬೇಕಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅಕ್ಕ 75 ಸಾವಿರಕ್ಕೆ ಒಪ್ಪಿದಳು. ಒಂದು ಶನಿವಾರ ಬೆಳಿಗ್ಗೆ ನಾವಿಬ್ಬರೂ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಹೂವಿನ ರಾಶಿಗಳ ನಡುವೆ ದಾರಿ ಮಾಡಿಕೊಂಡು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯತ್ತ ನಡೆದೆವು. ದಾರಿಯಲ್ಲಿ ಕನಕಾಂಬರದ ಬುಟ್ಟಿಯೊಂದರ ಫೋಟೊ ತೆಗೆದುಕೊಳ್ಳಲು ಅವನಿಗೆ ಹೇಳಿದೆ. ಏಕೆ ಎಂಬುದು ಮುಂದೆ ಬರುತ್ತದೆ.

ಮೊದಲು ಆಟದ ಪಟ್ಟಿ

ಅಂಗಡಿಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸ ಇದು. ಮುಂದಿನ ಎರಡು ವರ್ಷ ನಿಜವಾಗಿ ಆಡುವ ಮೂರು ಆಟಗಳ ಹೆಸರನ್ನು ಬರೆದುಕೊಳ್ಳಿ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಇಂಥವೇ ಆದರೆ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡಿನಲ್ಲಿ ಸಲೀಸಾಗಿ ನಡೆಯುತ್ತವೆ. ಉಳಿದ ಹಣವನ್ನು ಒಳ್ಳೆಯ ಪರದೆಗೆ ಹಾಕಬಹುದು. ಸೈಬರ್‌ಪಂಕ್ 2077ರಂಥ ಭಾರದ ಆಟ ಪಟ್ಟಿಯಲ್ಲಿದ್ದರೆ ಲೆಕ್ಕ ಬೇರೆ. ಆರ್‌ಟಿಎಕ್ಸ್ 4050ಕ್ಕಿಂತ ಕೆಳಗೆ ಇಳಿಯಬೇಡಿ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಪ್ರತಿ ಆಟದ ಪುಟದ ಕೆಳಭಾಗದಲ್ಲಿ ಅದಕ್ಕೆ ಬೇಕಾದ ಯಂತ್ರದ ವಿವರ ಇರುತ್ತದೆ. ಅಲ್ಲಿ ‘ಕನಿಷ್ಠ’ ಎಂದಿರುವುದನ್ನು ಬಿಟ್ಟುಬಿಡಿ, ‘ಶಿಫಾರಸು’ ಎಂದಿರುವುದನ್ನು ಮಾತ್ರ ಓದಿ. ಕನಿಷ್ಠ ಎಂದರೆ ಆಟ ತೆರೆದುಕೊಳ್ಳುತ್ತದೆ ಎಂದಷ್ಟೇ ಅರ್ಥ.

ಕಾರ್ಡು: ಇಲ್ಲಿಯೇ ಎಲ್ಲರೂ ಬೀಳುವುದು

ಕೆಲವು ವರ್ಷಗಳ ಹಿಂದೆ ನಾನೂ ಬಿದ್ದಿದ್ದೆ. ತೆಳ್ಳಗೆ, ಬೆಳ್ಳಗೆ ಇದ್ದ ಯಂತ್ರವೊಂದರ ಮೇಲೆ ಆರ್‌ಟಿಎಕ್ಸ್ ಸ್ಟಿಕ್ಕರ್ ನೋಡಿ ಮರುಮಾತಿಲ್ಲದೆ ತಂದೆ. ಆಟ ಶುರುವಾಗಿ ಹದಿನೈದು ನಿಮಿಷ ಚೆನ್ನಾಗಿರುತ್ತಿತ್ತು, ಆಮೇಲೆ ಎತ್ತಿನ ಗಾಡಿ. ಸ್ನೇಹಿತನ ಮನೆಯಲ್ಲಿ ಅದೇ ಹೆಸರಿನ ಕಾರ್ಡಿದ್ದ ದಪ್ಪನೆಯ ಯಂತ್ರ ಮಾತ್ರ ಗಂಟೆಗಟ್ಟಲೆ ಒಂದೇ ಸಮನೆ ಓಡುತ್ತಿತ್ತು.

ಕಾರಣ ವ್ಯಾಟ್. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ವಿದ್ಯುತ್ ಕೊಡಬೇಕೆಂಬುದನ್ನು ಎನ್‌ವಿಡಿಯಾ ಒಂದು ಮಿತಿಯೊಳಗೆ ಲ್ಯಾಪ್‌ಟಾಪ್ ತಯಾರಕರಿಗೇ ಬಿಟ್ಟಿದೆ. ಆರ್‌ಟಿಎಕ್ಸ್ 4050ಕ್ಕೆ ಆ ಮಿತಿ 35ರಿಂದ 115 ವ್ಯಾಟ್. ಎಂದರೆ ಒಂದೇ ಹೆಸರಿನ ಕಾರ್ಡು ಒಂದು ಯಂತ್ರದಲ್ಲಿ ಇನ್ನೊಂದರ ಅರ್ಧದಷ್ಟೇ ವಿದ್ಯುತ್ ಕುಡಿದು ದುಡಿಯುತ್ತಿರಬಹುದು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ. ಮೇಲಿನ ದರ್ಜೆಯದಾದರೂ 45 ವ್ಯಾಟಿನ 4060ಕ್ಕಿಂತ 100 ದಾಟಿದ 4050 ನನಗೆ ಇಷ್ಟ.

ಅಂಗಡಿಯಲ್ಲಿ ಇದನ್ನು ತಿಳಿಯುವುದು ಹೇಗೆ? ಮಾದರಿ ಯಂತ್ರವನ್ನು ಆನ್ ಮಾಡಿಸಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ‘ಸಿಸ್ಟಮ್ ಇನ್‌ಫರ್ಮೇಷನ್’ ಒತ್ತಿ. ಅಲ್ಲಿ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಸಾಲಿನ ಮುಂದೆ ವ್ಯಾಟ್ ಬರೆದಿರುತ್ತದೆ. ಯಂತ್ರ ಆನ್ ಮಾಡಲು ಅಂಗಡಿಯವರು ಒಪ್ಪದಿದ್ದರೆ ಅಡಾಪ್ಟರನ್ನಾದರೂ ಕೇಳಿ ಪಡೆದು ತಿರುಗಿಸಿ ನೋಡಿ. 20 ವೋಲ್ಟ್, 7.5 ಆಂಪಿಯರ್ ಎಂದಿದ್ದರೆ ಗುಣಿಸಿದಾಗ 150 ವ್ಯಾಟ್. ಪ್ರೊಸೆಸರ್, ಪರದೆ, ಫ್ಯಾನು ಎಲ್ಲವೂ ಅದರಲ್ಲೇ ಪಾಲು ಕೇಳುವುದರಿಂದ ಕಾರ್ಡಿಗೆ 100 ವ್ಯಾಟ್ ಉಳಿಯುವುದು ಕಷ್ಟ. 11.5 ಆಂಪಿಯರ್ ಇದ್ದರೆ 230 ವ್ಯಾಟ್, ಧಾರಾಳ. ನಾನು ಹೀಗೆ ಅಡಾಪ್ಟರ್ ಹಿಡಿದು ಲೆಕ್ಕ ಹಾಕುತ್ತಿದ್ದಾಗ ಅಂಗಡಿಯ ಹುಡುಗ ‘ಸರ್, ಎಲ್ಲರೂ ಬಣ್ಣ ಕೇಳುತ್ತಾರೆ, ನೀವು ಚಾರ್ಜರ್ ಕೇಳುತ್ತೀರಿ’ ಎಂದ.

ಕಾರ್ಡಿನ ಸ್ವಂತ ಮೆಮೊರಿಯನ್ನೂ ವಿಚಾರಿಸಿ. 3050 ಕಾರ್ಡು 4 ಜಿಬಿಯದೂ ಇದೆ, 6 ಜಿಬಿಯದೂ ಇದೆ; ಹೊಸ ಆಟಗಳಿಗೆ 4 ಸಾಲದು. 4050ರಲ್ಲಿ 6, 4060ರಲ್ಲಿ 8 ಜಿಬಿ ಇರುತ್ತದೆ.

ಪ್ರೊಸೆಸರ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ

ಹೆಸರಿನ ಕೊನೆಯಲ್ಲಿ ಎಚ್ ಅಥವಾ ಎಚ್‌ಎಸ್ ಇರಲಿ, ಯು ಬೇಡ. ಯು ಎಂದರೆ ಬ್ಯಾಟರಿ ಉಳಿಸಲೆಂದು ಮಾಡಿದ್ದು. ಎಎಂಡಿ ಕಂಪನಿಯ ರೈಜನ್ 7000 ಸರಣಿಯಲ್ಲಿ ಮೂರನೆಯ ಅಂಕಿ ನಿಜ ಹೇಳುತ್ತದೆ: 7535ಎಚ್‌ಎಸ್‌ನ 3 ಹಳೆಯ ವಿನ್ಯಾಸದ್ದು, 7640ಎಚ್‌ಎಸ್‌ನ 4 ಅದರ ಮುಂದಿನ ಪೀಳಿಗೆಯದು. ಆದರೂ ಈ ಬಜೆಟ್ಟಿನಲ್ಲಿ ಆಟ ತಡವರಿಸುವುದು ಹೆಚ್ಚಾಗಿ ಕಾರ್ಡಿನಿಂದ. ಇಂಟೆಲ್‌ನ ಐ5 ಬಿಟ್ಟು ಐ7ಕ್ಕೆ ಹೋಗಲು ಹತ್ತು ಸಾವಿರ ಹೆಚ್ಚು ಕೇಳಿದರೆ ಆ ಹಣ ಕಾರ್ಡಿಗೆ ಹೋಗಲಿ.

ರ‍್ಯಾಮ್ 16 ಜಿಬಿ ಇರಬೇಕು, ಅದೂ 8ರ ಎರಡು ಸ್ಟಿಕ್ಕುಗಳಾಗಿದ್ದರೆ ವೇಗ ಹೆಚ್ಚು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಎಂಬಲ್ಲಿ ಒತ್ತಿದರೆ ಎಷ್ಟು ಸ್ಲಾಟ್ ಬಳಕೆಯಾಗಿವೆ ಎಂದು ತೋರಿಸುತ್ತದೆ. ‘ಈಗ 8 ಜಿಬಿ ತೆಗೆದುಕೊಂಡು ಆಮೇಲೆ ಹಾಕಿಸಿಕೊಳ್ಳಿ’ ಎಂಬ ಹಳೆಯ ಸಲಹೆಯನ್ನು ನಾನೂ ಹಲವರಿಗೆ ಕೊಟ್ಟಿದ್ದೇನೆ. ಎಐ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ಹೊತ್ತಿಗೆ ಮೆಮೊರಿ ಬೆಲೆ ಜಿಗಿದ ಮೇಲೆ ಆ ಸಲಹೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಆಟಗಳನ್ನು ತುಂಬಿಡುವ ಎಸ್‌ಎಸ್‌ಡಿ 512 ಜಿಬಿಗೆ ಕಡಿಮೆ ಬೇಡ. ಒಂದೊಂದು ದೊಡ್ಡ ಆಟವೇ 100 ಜಿಬಿ ದಾಟುವುದರಿಂದ ಎರಡನೆಯ ಎಸ್‌ಎಸ್‌ಡಿಗೆ ಜಾಗ ಇದೆಯೇ ಎಂದು ಕೇಳಿಟ್ಟುಕೊಳ್ಳಿ.

ಕನಕಾಂಬರದ ಪರೀಕ್ಷೆ

144 ಹರ್ಟ್ಸ್, ಎಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆ ಈಗ ಬಹುತೇಕ ಎಲ್ಲ ಗೇಮಿಂಗ್ ಯಂತ್ರಗಳಲ್ಲೂ ಇದೆ. ಅದನ್ನು ದೊಡ್ಡದಾಗಿ ಬರೆದು ಬಣ್ಣದ ವಿಷಯವನ್ನು ಸಣ್ಣದಾಗಿ ಬರೆಯುತ್ತಾರೆ. ವಿವರ ಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣ ಸಪ್ಪೆ, ‘100% ಎಸ್‌ಆರ್‌ಜಿಬಿ’ ಎಂದಿದ್ದರೆ ಒಳ್ಳೆಯದು. ಬೆಳಕು 300 ನಿಟ್ಸ್ ಆದರೂ ಇರಲಿ. ಸಂಖ್ಯೆಗಳ ಮೇಲೆ ನಂಬಿಕೆ ಇಲ್ಲದವರು ನಾವು ಮಾಡಿದಂತೆ ಮಾಡಿ. ಅಳಿಯ ಮೊಬೈಲಿನಲ್ಲಿದ್ದ ಕನಕಾಂಬರದ ಫೋಟೊವನ್ನು ಅಕ್ಕಪಕ್ಕದ ಎರಡು ಲ್ಯಾಪ್‌ಟಾಪ್‌ಗಳಿಗೆ ಹಾಕಿ ತೆರೆದ. ಒಂದರಲ್ಲಿ ಹೂವು ಈಗಷ್ಟೇ ಬುಟ್ಟಿಗೆ ಬಿದ್ದಂತಿತ್ತು. ಇನ್ನೊಂದರಲ್ಲಿ ನಿನ್ನೆ ಮುಡಿದು ತೆಗೆದಿಟ್ಟ ದಂಡೆಯಂತೆ ಕಂಡಿತು. ಎರಡಕ್ಕೂ ಮೂರು ಸಾವಿರ ರೂಪಾಯಿ ವ್ಯತ್ಯಾಸ.

ಶಾಖ, ಭಾರ, ಗೋಡೆಯ ಸಾಕೆಟ್

ಯಂತ್ರವನ್ನು ತಿರುಗಿಸಿ ಗಾಳಿ ಎಲ್ಲಿಂದ ಹೋಗುತ್ತದೆ, ಎಲ್ಲಿಂದ ಬರುತ್ತದೆ ನೋಡಿ. ಬಿಸಿಗಾಳಿ ಬಲಬದಿಯಿಂದ ಹೊರಡುವಂತಿದ್ದರೆ ಮೌಸ್ ಹಿಡಿದ ಕೈಗೇ ಬಡಿಯುತ್ತದೆ. ಹಿಂದಿನಿಂದ ಹೊರಡುವುದು ಮೇಲು. ಕೀಬೋರ್ಡಿನ ನಡುವೆ ಬೆರಳಿನಿಂದ ಒತ್ತಿ, ಹಲಗೆ ತಗ್ಗಿದರೆ ಬಿಡಿ. ಬೆಂಗಳೂರಿನ ಸೆಕೆ ದೊಡ್ಡ ತೊಂದರೆಯಲ್ಲ, ಧೂಳು ತೊಂದರೆ: ವರ್ಷಕ್ಕೊಮ್ಮೆ ಫ್ಯಾನು ಶುಚಿ ಮಾಡಿಸದಿದ್ದರೆ ಯಂತ್ರ ಕೂಗಲು ಶುರುಮಾಡುತ್ತದೆ.

ಇಂಥ ಯಂತ್ರ ಸುಮಾರು ಎರಡೂಕಾಲು ಕೆ.ಜಿ. ತೂಗುತ್ತದೆ, ಜೊತೆಗೆ ಇಟ್ಟಿಗೆಯಂಥ ಅಡಾಪ್ಟರ್. ನಿತ್ಯ ಬಸ್ಸಿನಲ್ಲಿ ನಿಂತು ಹೋಗುವವರು ಇದನ್ನು ಬೆನ್ನಿಗೆ ಕೇಳಿ ನಿರ್ಧರಿಸಲಿ. ಬ್ಯಾಟರಿಯ ಮೇಲೆ ಕಾರ್ಡು ಪೂರ್ತಿ ಶಕ್ತಿಯಿಂದ ಓಡುವುದಿಲ್ಲ. ಆಟದ ನಡುವೆ ಕರೆಂಟ್ ಹೋದರೆ ಯಂತ್ರ ನಿಲ್ಲದು, ಆದರೆ ಆಟ ಕುಂಟುತ್ತದೆ. ಪಿಜಿ ಕೋಣೆಯಲ್ಲಿರುವ ಮಕ್ಕಳಿಗೆ ಇನ್ನೊಂದು ಮಾತು: ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ ಬಹುಪಾಲು ತಪ್ಪು ಸಾಕೆಟ್ಟಿನ ಅರ್ಥಿಂಗ್‌ನದು. ಮಾಲೀಕರಿಗೆ ಹೇಳಿ ಅದನ್ನು ಸರಿ ಮಾಡಿಸಿ, ಲ್ಯಾಪ್‌ಟಾಪನ್ನು ಬೈಯಬೇಡಿ.

ಬಿಲ್ಲು, ವಾರಂಟಿ

ಆನ್‌ಲೈನ್ ಬೆಲೆಯನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಚೌಕಾಸಿ ಮಾಡಿ. ಬೆಲೆ ಇಳಿಯದಿದ್ದರೆ ಮೌಸೋ ಬ್ಯಾಗೋ ಸಿಗುತ್ತದೆ. ‘ಬಿಲ್ ಬೇಡ ಎಂದರೆ ಕಡಿಮೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಲ್ಯಾಪ್‌ಟಾಪಿಗೆ ಜಿಎಸ್‌ಟಿ ಶೇ 18, ಅದು ಕಾಣುವ ಬಿಲ್ಲೇ ಬೇಕು. ಪೆಟ್ಟಿಗೆ, ಯಂತ್ರದ ತಳ, ಬಿಲ್ಲು ಮೂರರಲ್ಲೂ ಸೀರಿಯಲ್ ಸಂಖ್ಯೆ ಒಂದೇ ಇರಬೇಕು. ಆ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ಯಾವ ದಿನದಿಂದ ಶುರುವಾಗಿದೆ ಎಂದು ಅಂಗಡಿಯಲ್ಲಿ ನಿಂತೇ ನೋಡಿ. ವಿಂಡೋಸ್ ಇಲ್ಲದ ಮಾದರಿಗಳು ಅಗ್ಗವಾಗಿ ಕಾಣುತ್ತವೆ, ಅದನ್ನೂ ಕೇಳಿ. ರ‍್ಯಾಮ್ ಹಾಕಿಸಲು ಹಿಂಬದಿ ತೆರೆದರೆ ವಾರಂಟಿ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು.

ಮನೆಗೆ ತಂದ ಮೇಲೆ ಬದಲಿ ಕೊಡುವ ಅವಧಿ ಮುಗಿಯುವ ಮುನ್ನ, ಪಟ್ಟಿಯಲ್ಲಿನ ಅತಿ ಭಾರದ ಆಟವನ್ನು ಒಂದು ಗಂಟೆ ಬಿಡದೆ ಓಡಿಸಿ. ವೇಗ ಕುಸಿಯುವುದು, ಪರದೆಯಲ್ಲಿ ಸತ್ತ ಚುಕ್ಕೆ, ಫ್ಯಾನಿನ ಕಟಕಟ, ಇವೆಲ್ಲ ಆಗಲೇ ಗೊತ್ತಾಗುವುದು. ಇಷ್ಟನ್ನು ಅಳಿಯನಿಗೆ ಬಿಡಿಸಿ ಹೇಳಿ ಬಂದಿದ್ದೆ. ರಾತ್ರಿ ಒಂದು ಗಂಟೆಗೆ ಅಕ್ಕನ ಫೋನ್: ‘ಇನ್ನೂ ಪರೀಕ್ಷೆ ಮಾಡುತ್ತಿದ್ದಾನಂತೆ. ನೀನೇ ಹೇಳಿದ್ದೆಯಂತೆ, ಹೌದೇ?’