ಸಿಟ್ಟಿನ ಮೆಸೇಜ್‌ಗೆ ಒಂದು ರಾತ್ರಿ ಕೊಡಿ
ಸಿಟ್ಟು ಬಂದಾಗ ವಾಟ್ಸಾಪ್ ತೆರೆಯಬೇಡಿ. ಇಮೇಲ್‌ನಲ್ಲಿ ಬರೆಯಿರಿ, ಆದರೆ ವಿಳಾಸ ಮಾತ್ರ ಹಾಕಬೇಡಿ. ಆಗ ಕೈತಪ್ಪಿ ಒತ್ತಿದರೂ ಹೋಗುವುದಿಲ್ಲ. ಬೆಳಿಗ್ಗೆ ಎದ್ದು ಓದಿ. ಹೋದ ವಾರ ನಾನು ಹೀಗೆ ಬರೆದಿದ್ದ ನಾಲ್ಕು ಪ್ಯಾರಾದಲ್ಲಿ ಕೊನೆಗೆ ಉಳಿದದ್ದು ಇಷ್ಟೇ: "ಲೆಕ್ಕ ತಾಳೆ ಆಗ್ತಿಲ್ಲ. ಒಮ್ಮೆ ನೋಡ್ತೀರಾ?" ಮಿಕ್ಕಿದ್ದೆಲ್ಲ ಸುಮ್ನೆ ಹೊಟ್ಟೆಯುರಿ.

ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ, ಅನ್‌ಡೂ ಸೆಂಡ್ (ಕಳಿಸಿದ ಮೇಲ್ ವಾಪಸ್ ಪಡೆಯುವ ಸೌಲಭ್ಯ) ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ. ಅರ್ಧ ನಿಮಿಷ ಜಾಸ್ತಿ ಏನಲ್ಲ. ಆದರೆ ತಪ್ಪು ಕಣ್ಣಿಗೆ ಬೀಳೋದು ಕಳಿಸಿದ ಮರುಕ್ಷಣವೇ ಅಲ್ವಾ?

ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಆಫ್ ಮಾಡಿದರೆ "ಓದಿಯೂ ಸುಮ್ಮನಿದ್ದೀರಿ" ಅನ್ನೋ ಮಾತು ತಪ್ಪುತ್ತದೆ. ಬೇರೆಯವರು ಓದಿದ್ದೂ ನಿಮಗೆ ಕಾಣಲ್ಲ, ಅದೂ ಒಂದು ನೆಮ್ಮದಿ. ಗ್ರೂಪ್‌ಗಳಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ.