ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿದೆಯೇ? ಹೊಸ ಡಿಸ್ಕ್ ತರುವ ಮೊದಲು ಹಬ್ ನೋಡಿ

ಹೈವೇಯಲ್ಲಿ 80ರ ವೇಗ. ಬ್ರೇಕ್ ಒತ್ತಿದ ಕೂಡಲೇ ಸ್ಟೇರಿಂಗ್ ಗಡಗಡ ನಡುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಹೀಗಾದಾಗ ಹೆಚ್ಚಿನವರು ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಆಮೇಲೆ ಅಲೈನ್‌ಮೆಂಟ್. ಅದಕ್ಕೂ ಬಗ್ಗದಿದ್ದರೆ ಹೊಸ ಡಿಸ್ಕ್ (ಚಕ್ರದ ಜೊತೆ ತಿರುಗುವ, ಬ್ರೇಕ್ ಪ್ಯಾಡ್‌ಗಳು ಹಿಡಿಯುವ ಲೋಹದ ತಟ್ಟೆ). ಕೆಲವು ಸಾವಿರ ಕಿಲೋಮೀಟರ್ ಓಡಿಸುವಷ್ಟರಲ್ಲಿ ಅದೇ ನಡುಕ ವಾಪಸ್! ಯಾಕೆಂದರೆ ಡಿಸ್ಕ್ ಕೂರುವ ಜಾಗವನ್ನು, ಅಂದರೆ ಹಬ್ ಅನ್ನು, ಯಾರೂ ಒರೆಸಿಯೂ ನೋಡಿರುವುದಿಲ್ಲ.

1. ನಡುಕ ಎಲ್ಲಿಯದು?

ಬ್ರೇಕ್ ಮುಟ್ಟದೆ 80–100ರ ವೇಗದಲ್ಲಿ ನಡುಗಿದರೆ ಬ್ಯಾಲೆನ್ಸಿಂಗ್ ಅಥವಾ ಟೈರ್ ಸಮಸ್ಯೆ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಕಡೆ ನೋಡಿ. ಸೀಟು, ಪೆಡಲ್ ಮಾತ್ರ ಅದುರಿ ಸ್ಟೇರಿಂಗ್ ಸುಮ್ಮನಿದ್ದರೆ ಹಿಂದಿನ ಡ್ರಮ್ ಮೇಲೆ ಅನುಮಾನ ಪಡಬಹುದು. ಗಟ್ಟಿಯಾಗಿ ಒತ್ತಿದಾಗ ಪೆಡಲ್ ಕಾಲಿಗೆ ಟಕಟಕ ಹೊಡೆದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ, ರಿಪೇರಿ ಬೇಡ.

2. ಚಕ್ರ, ಕ್ಯಾಲಿಪರ್ ಬಿಚ್ಚಿ

ಸಮತಟ್ಟಾದ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಬಿಚ್ಚಿದ ಕ್ಯಾಲಿಪರನ್ನು (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬ್ರೇಕ್ ಹೋಸ್‌ನಲ್ಲಿ ನೇತುಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ.

3. ಹಬ್ ಮತ್ತು ಡಿಸ್ಕ್: ಎಲ್ಲರೂ ಎಡವುವುದು ಇಲ್ಲೇ

ಡಿಸ್ಕ್ ಬೆಂಡಾಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರಲ್ವಾ? ಬಹಳಷ್ಟು ಸಲ ಅದು ಬೆಂಡಾಗಿರುವುದಿಲ್ಲ, ಅದರ ದಪ್ಪದಲ್ಲಿ ಏರುಪೇರಾಗಿರುತ್ತದೆ. ಡಿಸ್ಕ್ ಹಬ್ ಮೇಲೆ ಸ್ವಲ್ಪ ಓರೆಯಾಗಿ ಕೂತಿದ್ದರೆ, ಬ್ರೇಕ್ ಒತ್ತದಿರುವಾಗಲೂ ಪ್ರತಿ ಸುತ್ತಿನಲ್ಲಿ ಒಂದೇ ಜಾಗ ಪ್ಯಾಡಿಗೆ ಉಜ್ಜುತ್ತದೆ. ದಿನ ಕಳೆದಂತೆ ಆ ಜಾಗ ತೆಳುವಾಗುತ್ತದೆ. ಆಮೇಲೆ ಬ್ರೇಕ್ ಒತ್ತಿದರೆ ದಪ್ಪ ಜಾಗ ಬಂದಾಗ ಹಿಡಿತ ಜಾಸ್ತಿ, ತೆಳು ಜಾಗ ಬಂದಾಗ ಕಮ್ಮಿ. ಸ್ಟೇರಿಂಗ್ ನಡುಗುವುದು ಇದಕ್ಕೇ. 0.02 ಮಿಲಿಮೀಟರ್ ವ್ಯತ್ಯಾಸ ಇದ್ದರೂ ಕೈಗೆ ಗೊತ್ತಾಗಬಹುದು. ತಲೆಗೂದಲು ಅದಕ್ಕಿಂತ ದಪ್ಪ.

ಹಳೇ ಡಿಸ್ಕ್‌ನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಸುತ್ತಲೂ 8 ಕಡೆ, ಅಂಚಿನಿಂದ ಒಂದೇ ದೂರದಲ್ಲಿ ಅಳೆಯಿರಿ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕಿಂತ ಸವೆದಿದ್ದರೆ ಮಾತೇ ಇಲ್ಲ, ಬದಲಿಸಿ. ಬದಲಿಸುವಾಗ ಎಡ–ಬಲ ಎರಡೂ ಒಟ್ಟಿಗೆ.

ಲೇತ್‌ನಲ್ಲಿ ಫೇಸಿಂಗ್ ಮಾಡಿಸಿದರೆ (ಮೈ ಕೆರೆದು ಸಮ ಮಾಡಿಸಿದರೆ) ಸಾಕು ಅನ್ನುವವರಿದ್ದಾರೆ. ಸಣ್ಣ ಕಾರಿನ ಡಿಸ್ಕ್‌ಗೆ ನಾನಂತೂ ಬೇಡ ಎನ್ನುತ್ತೇನೆ. ಮೊದಲೇ ತೆಳು, ಕೆರೆದ ಮೇಲೆ ಇನ್ನೂ ಬೇಗ ಬಿಸಿಯಾಗುತ್ತದೆ. ಲೇತ್‌ನವರು ಡಿಸ್ಕ್ ನೆಟ್ಟಗೆ ಕೂರಿಸದಿದ್ದರೆ ಹೊಸ ಓರೆ ಬೇರೆ.

ಈಗ ಹಬ್. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಬೋಲ್ಟ್‌ಗಳ ಸುತ್ತ ತುಕ್ಕು ಪದರ ಕಟ್ಟಿರುತ್ತದೆ. ತಂತಿ ಬ್ರಷ್‌ನಿಂದ ತಿಕ್ಕಿ, ಆಮೇಲೆ ಉಪ್ಪುಕಾಗದ ಹಿಡಿಯಿರಿ. ಲೋಹ ಹೊಳೆಯಬೇಕು. ಗ್ರೈಂಡರ್ ಹಾಕಿ ಲೋಹವನ್ನೇ ಕೆರೆಯಬೇಡಿ. ಬೋಲ್ಟ್‌ಗಳ ಬುಡ, ನಡುವಿನ ಉಬ್ಬಿನ ಸುತ್ತ ಬೆರಳಾಡಿಸಿ, ಒಂದು ಚಕ್ಕೆಯೂ ಉಳಿದಿರಬಾರದು. ಇಲ್ಲಿ ಉಳಿದ ಚೂರು ತುಕ್ಕು ಡಿಸ್ಕ್‌ನ ಅಂಚಿನಲ್ಲಿ ಇನ್ನೂ ದೊಡ್ಡ ಓರೆಯಾಗುತ್ತದೆ. ಡಿಸ್ಕ್‌ನ ಒಳಮೈಯನ್ನೂ ಹಾಗೇ ತಿಕ್ಕಿ. ಹೊಸ ಡಿಸ್ಕ್ ಆದರೆ ಅದರ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆಯಬೇಕು. ಪೆಟ್ರೋಲ್ ಬಟ್ಟೆಯಲ್ಲಿ ಒರೆಸುವುದು ಬೇಡ.

ಡಿಸ್ಕ್ ಕೂರಿಸಿ ಎಲ್ಲಾ ನಟ್ ಬಿಗಿದು ಡಯಲ್ ಗೇಜ್ (ಡಿಸ್ಕ್‌ನ ಓರೆಯನ್ನು ಮುಳ್ಳಿನಲ್ಲಿ ತೋರಿಸುವ ಉಪಕರಣ) ಇಡಿ. ಮ್ಯಾಗ್ನೆಟ್ ಸ್ಟ್ಯಾಂಡ್ ಸ್ಟ್ರಟ್‌ಗೆ (ಸ್ಪ್ರಿಂಗ್ ಕೂತಿರುವ ಶಾಕ್ ಅಬ್ಸಾರ್ಬರ್ ಕಂಬಕ್ಕೆ) ಕಚ್ಚಿರಲಿ, ಗೇಜಿನ ತುದಿ ಡಿಸ್ಕ್ ಅಂಚಿನಿಂದ 10 ಮಿಲಿಮೀಟರ್ ಒಳಗೆ ಮುಟ್ಟಲಿ. ನಿಧಾನ ಒಂದು ಸುತ್ತು ತಿರುಗಿಸಿ. ಮುಳ್ಳಿನ ಓಟ 0.05 ಮಿಲಿಮೀಟರ್ ಒಳಗಿದ್ದರೆ ನನಗೆ ಸಮಾಧಾನ. ನಿಮ್ಮ ಕಾರಿನ ಮಿತಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದ್ದರೆ ಅದನ್ನೇ ಹಿಡಿಯಿರಿ. ಜಾಸ್ತಿ ಬಂತೇ? ಡಿಸ್ಕ್ ತೆಗೆದು ಒಂದು ಬೋಲ್ಟ್ ತೂತು ಪಕ್ಕಕ್ಕೆ ತಿರುಗಿಸಿ ಕೂರಿಸಿ, ಮತ್ತೆ ಅಳೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಡಿಸ್ಕ್ ಹಿಡಿಯುವ ಸಣ್ಣ ಸ್ಕ್ರೂ ಇರುವ ಕಾರುಗಳಲ್ಲಿ ಮಾತ್ರ ಹೀಗೆ ತಿರುಗಿಸಲು ಆಗುವುದಿಲ್ಲ. ಎಲ್ಲಿ ಕೂರಿಸಿದರೂ ಜಾಸ್ತಿಯೇ ಬಂದರೆ ಗೇಜನ್ನು ಹಬ್‌ಗೇ ಇಟ್ಟು ನೋಡಿ. ಅಲ್ಲೂ ಮುಳ್ಳು ಓಡಿದರೆ ಹಬ್ ಅಥವಾ ಬೇರಿಂಗ್ ಹೋಗಿದೆ ಎಂದರ್ಥ.

ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

4. ಪಿನ್, ಪ್ಯಾಡ್

ಕ್ಯಾಲಿಪರ್ ಪಿನ್ ಕೈಯಲ್ಲಿ ಸಲೀಸಾಗಿ ಜಾರಬೇಕು. ಸಿಲಿಕೋನ್ ಬ್ರೇಕ್ ಗ್ರೀಸ್ ಹಚ್ಚಿ. ಡಬ್ಬದಲ್ಲಿರುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಕಚ್ಚಿಕೊಳ್ಳುತ್ತದೆ. ಹೊಸ ಡಿಸ್ಕ್‌ಗೆ ಹೊಸ ಪ್ಯಾಡ್. ಹೆಸರಿಲ್ಲದ ಡಬ್ಬಿಯ ಅಗ್ಗದ ಪ್ಯಾಡ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

5. ನಟ್ ಬಿಗಿಯುವುದು

ಏರ್ ಗನ್‌ನಲ್ಲಿ ಬರ್ರ್ ಅಂತ ಬಿಗಿದರೆ ಒಂದು ನಟ್ ಅತಿ ಬಿಗಿ, ಇನ್ನೊಂದು ಸಡಿಲ. ಮಾಡಿದ ಕೆಲಸವೆಲ್ಲ ಹಾಳಾಗುತ್ತದೆ. ಎದುರುಬದುರು ನಟ್‌ಗಳನ್ನು ಎರಡು ಹಂತದಲ್ಲಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಅನೇಕ ಸಣ್ಣ ಕಾರುಗಳಿಗೆ ಇದು 100 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮದಕ್ಕೆ ಎಷ್ಟೆಂದು ಮ್ಯಾನ್ಯುಯಲ್ ನೋಡಿ. ಪಂಕ್ಚರ್ ಅಂಗಡಿಯಲ್ಲೂ ಪಕ್ಕದಲ್ಲೇ ನಿಂತು ಹೀಗೇ ಮಾಡಿಸಿ.

6. ಪ್ಯಾಡ್ ಪಳಗಿಸುವುದು

ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಹದವಾಗಿ ಬ್ರೇಕ್ ಹಾಕಿ ಇಳಿಸಿ. ಸ್ವಲ್ಪ ಅಂತರ ಕೊಟ್ಟು ಎಂಟ್ಹತ್ತು ಸಲ ಹೀಗೆ ಮಾಡಿ, ನಡುವೆ ಪೂರ್ತಿ ನಿಲ್ಲಿಸಬೇಡಿ. ಕೊನೆಗೆ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ಕಾದ ಡಿಸ್ಕ್ ಮೇಲೆ ಪೆಡಲ್ ಒತ್ತಿ ನಿಂತರೆ ಪ್ಯಾಡಿನ ಅಚ್ಚು ಅಲ್ಲೇ ಕೂರುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗಲೂ ಅಷ್ಟೇ: ಸೆಕೆಂಡ್ ಗೇರಿನಲ್ಲಿ ಇಳಿಯಿರಿ, ಕೆಳಗೆ ತಲುಪಿದ ತಕ್ಷಣ ಚಕ್ರಕ್ಕೆ ನೀರು ಹೊಡೆಸಬೇಡಿ.

ಇಷ್ಟಾದ ಮೇಲೂ ಸ್ವಲ್ಪ ನಡುಕ ಉಳಿದರೆ ಲೋಯರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳಿನ ರಬ್ಬರ್), ಬಾಲ್ ಜಾಯಿಂಟ್ (ಅದೇ ತೋಳಿನ ಗುಂಡು ಕೀಲು) ಆಡುತ್ತಿವೆಯೇ ಎಂದು ರಾಡ್ ಹಾಕಿ ಮೀಟಿ ನೋಡಿ. ಬುಷ್ ಹರಿದಿದ್ದರೆ ಸಣ್ಣ ಅದುರೂ ಸ್ಟೇರಿಂಗಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಅಲೈನ್‌ಮೆಂಟ್‌ಗೆ ದುಡ್ಡು ಕೊಡುವುದಿದ್ದರೆ ಬುಷ್ ಬದಲಿಸಿದ ಮೇಲೆ ಕೊಡಿ.