ಹುಸಿ ಅಕೌಂಟ್‌ನ ಬಲೆ: ಮನೆ ಲ್ಯಾಬ್‌ನಲ್ಲಿ ದಾಳಿ ಕಲಿತ ನನ್ನ ಅನುಭವ

ನೆಟ್‌ವರ್ಕ್‌ಗೆ ನುಗ್ಗುವ ಹ್ಯಾಕರ್‌ಗಳನ್ನು ಹಿಡಿಯೋದು ಲಕ್ಷಗಟ್ಟಲೆ ಸುರಿಯದೆ ಆಗೋದಿಲ್ಲ ಅಂತ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಹೇಳಿದ್ದರು. ಒಬ್ಬ ಡೀಲರ್ ವರ್ಷಕ್ಕೆ ಹತ್ತಿರ ಹತ್ತಿರ 12 ಲಕ್ಷದ ಕೊಟೇಶನ್ ಕೊಟ್ಟಿದ್ದ. ನಮ್ಮಲ್ಲಿರುವುದು ಇನ್ನೂರು ಚಿಲ್ಲರೆ ಮೆಷಿನ್, ಅಂದರೆ ಕಂಪ್ಯೂಟರ್. ಅಷ್ಟು ದುಡ್ಡು ಯಾರು ಕೊಡುತ್ತಾರೆ? ದಾಳಿಯನ್ನು ನಾನೇ ಮಾಡಿ ನೋಡಿ, ಅದು ಲಾಗ್‌ನಲ್ಲಿ (ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಯಲ್ಲಿ) ಎಲ್ಲಿ ಗುರುತು ಬಿಡುತ್ತದೆ ಅಂತ ಹುಡುಕುತ್ತೇನೆ ಎಂದೆ. ಪಕ್ಕದ ಸೀಟಿನವರು ನಕ್ಕರು.

ತುಮಕೂರಿನ ನಮ್ಮ ಮನೆಯಲ್ಲೇ ಲ್ಯಾಬ್ ಕಟ್ಟಿದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎರಡು ಹಳೆಯ ಡೆಸ್ಕ್‌ಟಾಪ್, ಜಾಸ್ತಿ ರ‍್ಯಾಮ್, ಪೋರ್ಟ್ ಮಿರರಿಂಗ್ (ಓಡಾಡುವ ಡೇಟಾದ ನಕಲು ಕೊಡುವ ಸೌಲಭ್ಯ) ಇರುವ ಒಂದು ಸೆಕೆಂಡ್ ಹ್ಯಾಂಡ್ ನೆಟ್‌ವರ್ಕ್ ಸ್ವಿಚ್ ತಗೊಂಡೆ. ಎಲ್ಲ ಸೇರಿ 40 ಸಾವಿರದ ಆಸುಪಾಸು. ವಿಂಡೋಸ್ ಸರ್ವರ್‌ನ 180 ದಿನದ ಇವ್ಯಾಲ್ಯುಯೇಶನ್ ಕಾಪಿ ಸಾಕು. ಲಾಗ್‌ಗಳನ್ನು ಒಟ್ಟುಗೂಡಿಸಿ ಅಲರ್ಟ್ ಕೊಡುವ ಉಚಿತ ಸಾಫ್ಟ್‌ವೇರ್ ವಾಜು ಮಾತ್ರ 4 ಜಿಬಿ ರ‍್ಯಾಮ್‌ನಲ್ಲಿ ಉಸಿರು ಕಟ್ಟಿ ಪದೇ ಪದೇ ಬಿದ್ದುಹೋಗುತ್ತಿತ್ತು. ಅದಕ್ಕೆ 8 ಜಿಬಿ ಬಿಟ್ಟುಕೊಟ್ಟ ಮೇಲೆ ನೆಟ್ಟಗೆ ನಿಂತಿತು.

ಮೊದಲು ಎಲ್ಲರ ಹಾಗೆ ಎಟರ್ನಲ್‌ಬ್ಲೂ, ವಿಂಡೋಸ್‌ನ ಒಂದು ದೋಷದ ಮೂಲಕ ಒಳನುಗ್ಗುವ ದಾಳಿ. ಪ್ಯಾಚ್ ಹಾಕದ ವಿಂಡೋಸ್ 7 ಮೇಲೆ ಓಡಿಸಿದರೆ ಶೆಲ್ (ಆ ಮೆಷಿನ್ ಮೇಲೆ ಹಿಡಿತ) ಸಿಗುವುದಕ್ಕಿಂತ ನೀಲಿ ಸ್ಕ್ರೀನ್ ಬಂದದ್ದೇ ಜಾಸ್ತಿ. ಅದರ ಪ್ಯಾಚ್ 2017ರ ಮಾರ್ಚ್‌ನಲ್ಲೇ ಬಂದಿತ್ತು, ಅದೇ ದೋಷ ಬಳಸಿ ಹರಡಿದ ವಾನಾಕ್ರೈ ವೈರಸ್ ಬಂದದ್ದು ಮೇ ತಿಂಗಳಲ್ಲಿ. ಆ ದೋಷವಿದ್ದ ಎಸ್‌ಎಂಬಿ ವರ್ಷನ್ 1 (ಫೈಲ್ ಹಂಚುವ ಹಳೆಯ ವಿಧಾನ) ಆಫ್ ಮಾಡಿ ಮುಂದೆ ಹೋದೆ.

ನಿಜವಾದ ಪಾಠ ಶುರುವಾದದ್ದು ರೆಸ್ಪಾಂಡರ್‌ನಿಂದ. ಮೆಷಿನ್‌ಗಳು ನೆಟ್‌ವರ್ಕ್‌ನಲ್ಲಿ ಯಾವುದಾದರೂ ಹೆಸರನ್ನು ಹುಡುಕಿದಾಗ ಸುಳ್ಳು ಉತ್ತರ ಕೊಡುವ ಟೂಲ್ ಅದು. ಮ್ಯಾನೇಜ್‌ಮೆಂಟ್‌ನಿಂದ ಬರಹದಲ್ಲಿ ಅನುಮತಿ ತಗೊಂಡು ಕಾರ್ಖಾನೆಯಲ್ಲಿ ಅದನ್ನು ಅನಾಲಿಸಿಸ್ ಮೋಡ್‌ನಲ್ಲಿ ಕೂರಿಸಿದೆ. ಆ ಮೋಡ್‌ನಲ್ಲಿ ಸುಮ್ನೆ ಕೇಳಿಸಿಕೊಳ್ಳುತ್ತದೆ, ಯಾರಿಗೂ ಉತ್ತರ ಕೊಡುವುದಿಲ್ಲ. ಆ ಕಾಗದ ಇಲ್ಲದೆ ಒಂದು ಪೋರ್ಟ್ ಸ್ಕ್ಯಾನ್ ಕೂಡ ಮಾಡಬೇಡಿ. ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ. ಒಂದೇ ಬೆಳಿಗ್ಗೆ ಎಷ್ಟು ಮೆಷಿನ್‌ಗಳು ಇಲ್ಲದ ಸರ್ವರ್‌ನ ಹೆಸರು ಕೂಗುತ್ತಿವೆ ಅಂತ ನೋಡಿ ದಂಗಾದೆ. ಯಾರು ಬೇಕಾದರೂ 'ನಾನೇ ಅದು' ಎಂದು ಹೇಳಿ ಹ್ಯಾಶ್ (ಪಾಸ್‌ವರ್ಡ್‌ನ ಗುಪ್ತ ರೂಪ) ಕದಿಯಬಹುದಿತ್ತು. ಹೀಗೆ ಹೆಸರು ಕೂಗಿ ಹುಡುಕುವ ವಿಧಾನಗಳಾದ ಎಲ್‌ಎಲ್‌ಎಂಎನ್‌ಆರ್, ನೆಟ್‌ಬಯೋಸ್ ಎರಡನ್ನೂ ನಿಲ್ಲಿಸಿದೆ. ಕೂಡಲೇ ಲಾರಿ ತೂಗುವ ವೇಬ್ರಿಡ್ಜ್‌ನ ಪಿಸಿಗೆ ತನ್ನ ಶೇರ್ ಫೋಲ್ಡರ್ ಸಿಗದಾಯಿತು, ಲಾರಿಗಳು ಗೇಟಿನಲ್ಲಿ ನಿಂತವು. ಡಿಎನ್‌ಎಸ್‌ನಲ್ಲಿ (ಹೆಸರಿಗೆ ವಿಳಾಸ ಹೇಳುವ ಪಟ್ಟಿಯಲ್ಲಿ) ಒಂದು ಎಂಟ್ರಿ ಹಾಕಿದ್ದಕ್ಕೆ ಸರಿಹೋಯಿತು. ಆದರೆ ಆವತ್ತು ಕೇಳಿದ ಮಾತುಗಳು ಇನ್ನೂ ನೆನಪಿವೆ.

ಮಧ್ಯೆ ಕೌರಿ ಅನ್ನುವ ಹನಿಪಾಟ್ (ದಾಳಿಕೋರರನ್ನು ಸೆಳೆಯುವ ಹುಸಿ ಸರ್ವರ್) ಕೂಡ ಹಾಕಿದ್ದೆ, ತಿಂಗಳಿಗೆ 500 ರೂಪಾಯಿಯ ಬಾಡಿಗೆ ಸರ್ವರ್‌ನಲ್ಲಿ. ಗಂಟೆಯೊಳಗೆ ಬಾಗಿಲು ಬಡಿಯಲು ಶುರು. ದಿನಕ್ಕೆ ಸಾವಿರಾರು ಪ್ರಯತ್ನ, ಹೆಚ್ಚಿನವು ರೂಟ್, ಅಡ್ಮಿನ್, 123456. ನೋಡಲು ಮಜಾ ಇತ್ತು. ಆದರೆ ಅವೆಲ್ಲ ಬಾಟ್‌ಗಳು. ಒಳಗೆ ಬಂದ ಮನುಷ್ಯ ಹೇಗೆ ಓಡಾಡುತ್ತಾನೆ ಅನ್ನುವುದು ಅದರಿಂದ ತಿಳಿಯುವುದಿಲ್ಲ. ನಿಲ್ಲಿಸಿದೆ.

ನನಗೆ ಬೇಕಾದದ್ದು ಸಿಕ್ಕಿದ್ದು ಕರ್ಬರೋಸ್ಟಿಂಗ್‌ನಲ್ಲಿ. 2014ರಲ್ಲಿ ಭದ್ರತಾ ಸಂಶೋಧಕ ಟಿಮ್ ಮೆಡಿನ್ ತೋರಿಸಿದ ದಾಳಿ ಇದು, ಇವತ್ತಿಗೂ ಕೆಲಸ ಮಾಡುತ್ತದೆ. ವಿಂಡೋಸ್ ನೆಟ್‌ವರ್ಕ್‌ನ ಯಾವ ಸಾಮಾನ್ಯ ಯೂಸರ್ ಬೇಕಾದರೂ ಸರ್ವಿಸ್ ಅಕೌಂಟ್‌ನ (ಮನುಷ್ಯರಲ್ಲ, ಸಾಫ್ಟ್‌ವೇರ್ ಬಳಸುವ ಅಕೌಂಟ್‌ನ) ಟಿಕೆಟ್ ಕೇಳಬಹುದು. ಆ ಟಿಕೆಟ್ ಅದರ ಪಾಸ್‌ವರ್ಡ್‌ನಿಂದಲೇ ಲಾಕ್ ಆಗಿರುತ್ತದೆ. ಆಮೇಲೆ ಮನೆಯಲ್ಲಿ ಕೂತು ಪಾಸ್‌ವರ್ಡ್ ಒಡೆಯಬಹುದು. ಲಾಗಿನ್ ಫೇಲ್ ಆಗುವುದೇ ಇಲ್ಲ, ಹಾಗಾಗಿ ಲಾಗ್‌ನಲ್ಲಿ 4625 (ಲಾಗಿನ್ ಫೇಲ್ ಆದಾಗ ಬೀಳುವ ನಂಬರ್) ನೋಡಿಕೊಂಡು ಕೂತವನಿಗೆ ಏನೂ ಕಾಣದು. ಲ್ಯಾಬ್‌ನಲ್ಲಿ ಕಂಪನಿ ಹೆಸರು, ಅದರ ಮುಂದೆ ಇಸವಿ, ಈ ಥರದ ಪಾಸ್‌ವರ್ಡ್ ಇಟ್ಟಿದ್ದೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಪಾಸ್‌ವರ್ಡ್ ಒಡೆಯುವ ಟೂಲ್ ಹ್ಯಾಶ್‌ಕ್ಯಾಟ್ ಕೆಲಸ ಮುಗಿಸಿತ್ತು.

ಇದರ ಗುರುತು ಡೊಮೈನ್ ಕಂಟ್ರೋಲರ್‌ನ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್‌ನ) ಲಾಗ್‌ನಲ್ಲಿ 4769, ಅಂದರೆ ಟಿಕೆಟ್ ಕೇಳಿದ ದಾಖಲೆಯಲ್ಲಿ ಬೀಳುತ್ತದೆ. ತೊಂದರೆ ಏನೆಂದರೆ ಅದು ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಬರುತ್ತದೆ. ಮೆಷಿನ್ ಅಕೌಂಟ್‌ಗಳನ್ನು ತೆಗೆದು, ಆರ್‌ಸಿ4 (ಸುಲಭವಾಗಿ ಒಡೆಯಬಹುದಾದ ಹಳೆಯ ಎನ್‌ಕ್ರಿಪ್ಶನ್) ಕೇಳಿದವನ್ನು ಮಾತ್ರ ಉಳಿಸಿದೆ. ಆದರೂ ಆರ್‌ಸಿ4 ಕೇಳುವ ಹಳೆಯ ಸಾಫ್ಟ್‌ವೇರ್‌ಗಳ ಗಲಾಟೆ. ತಿಂಗಳುಗಟ್ಟಲೆ ಹೀಗೇ ಹೋಯಿತು. ಜೊತೆಯವರು 'ಬಿಟ್ಟುಬಿಡಪ್ಪ' ಎಂದರು.

ಆಗ ಹುಸಿ ಸರ್ವಿಸ್ ಅಕೌಂಟ್ ಒಂದನ್ನು ಇಟ್ಟೆ. ಎಸ್‌ಪಿಎನ್ (ಟಿಕೆಟ್ ಕೇಳಲು ಬೇಕಾದ ಸರ್ವಿಸ್ ಹೆಸರು) ಇದೆ, ಪಾಸ್‌ವರ್ಡ್ ಒಡೆಯಲಾರದಷ್ಟು ಉದ್ದ, ಯಾವ ಮೆಷಿನ್ನೂ ಅದನ್ನು ಬಳಸುವುದಿಲ್ಲ. ಅಂದರೆ ಅದರ ಟಿಕೆಟ್ ಕೇಳಲು ಯಾರಿಗೂ ಕಾರಣವೇ ಇಲ್ಲ. ಕೇಳಿದರೆ ಅದು ದಾಳಿಯೇ, ಅನುಮಾನ ಬೇಡ. ಅದಕ್ಕೆ ಏನು ಹೆಸರಿಟ್ಟೆ, ಅದು ಹಳೆಯದಾಗಿ ಕಾಣುವಂತೆ ಏನು ಮಾಡಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ನಿಜವಾದ ಸರ್ವಿಸ್ ಅಕೌಂಟ್‌ಗಳನ್ನು ಜಿಎಂಎಸ್‌ಎಗೆ (ಪಾಸ್‌ವರ್ಡನ್ನು ವಿಂಡೋಸೇ ನೋಡಿಕೊಳ್ಳುವ ಅಕೌಂಟ್‌ಗೆ) ಬದಲಾಯಿಸಿದೆ, ಪಾಸ್‌ವರ್ಡ್ 30 ದಿನಕ್ಕೊಮ್ಮೆ ತಾನಾಗಿ ಬದಲಾಗುತ್ತದೆ.

ಆ ವರ್ಷ ನಮ್ಮ ನೆಟ್‌ವರ್ಕ್‌ಗೆ ನುಗ್ಗಿ ಪರೀಕ್ಷಿಸಲು ಹೊರಗಿನ ಟೆಸ್ಟಿಂಗ್ ತಂಡ ಬಂತು. ಯಾವಾಗ ಶುರು ಮಾಡುತ್ತಾರೆ ಅಂತ ನನಗೆ ಹೇಳಿರಲಿಲ್ಲ. ಊಟದ ಹೊತ್ತಿಗೆ ಫೋನಿಗೆ ಅಲರ್ಟ್ ಬಂತು: ಯಾವ ಐಪಿ, ಯಾವ ಯೂಸರ್, ಎಲ್ಲ ಇತ್ತು. ಆ ಸ್ವಿಚ್ ಪೋರ್ಟ್ ಬಂದ್ ಮಾಡಿ ಅವರು ಕೂತಿದ್ದ ರೂಮಿಗೇ ಹೋದೆ. ತಂಡದ ಹಿರಿಯರು 'ಇದು ಯಾವ ಪ್ರಾಡಕ್ಟ್ ಸಾರ್?' ಅಂತ ಕೇಳಿದರು. ಹೆಮ್ಮೆಯಿಂದಲೇ ಹೇಳುತ್ತೇನೆ, ಕೊಂಡ ಪ್ರಾಡಕ್ಟ್ ಏನೂ ಇರಲಿಲ್ಲ, ಒಂದೇ ಒಂದು ರೂಲ್: ಆ ಹುಸಿ ಅಕೌಂಟ್‌ನ ಟಿಕೆಟ್ ಯಾರಾದರೂ ಕೇಳಿದರೆ ಅಲರ್ಟ್.

ಈಗ ಲ್ಯಾಬ್‌ನಲ್ಲಿ ವಿಂಡೋಸ್‌ನ ಸರ್ಟಿಫಿಕೇಟ್ ಸರ್ವಿಸ್ (ಡಿಜಿಟಲ್ ಗುರುತಿನ ಚೀಟಿ ಕೊಡುವ ವ್ಯವಸ್ಥೆ) ಹಾಕಿದ್ದೇನೆ. ತಪ್ಪು ಟೆಂಪ್ಲೇಟ್ ಒಂದಿದ್ದರೆ ಸಾಮಾನ್ಯ ಯೂಸರ್ ಅಡ್ಮಿನ್ ಹೆಸರಲ್ಲೇ ಸರ್ಟಿಫಿಕೇಟ್ ತಗೊಳ್ಳಬಹುದು. ಲಾಗ್‌ನಲ್ಲಿ ನೋಡಬೇಕಾದದ್ದು 4886 (ಸರ್ಟಿಫಿಕೇಟ್ ಕೇಳಿದ್ದು), 4887 (ಕೊಟ್ಟದ್ದು). ಅವು ಬರಬೇಕಾದರೆ ಸಿಎ (ಸರ್ಟಿಫಿಕೇಟ್ ಕೊಡುವ ಸರ್ವರ್) ಮೇಲೆ ಆಡಿಟ್ ಬೇರೆಯಾಗಿ ಆನ್ ಮಾಡಬೇಕು. ನಿಮ್ಮಲ್ಲಿ ಆನ್ ಇದೆಯಾ ನೋಡಿಕೊಳ್ಳಿ.